ಮಕ್ಕಳ ಬೆರಳಿಗೆ ಆಕ್ಸಿಮೀಟರ್: ಅಂಗಡಿಯಲ್ಲಿ ಸಿಗುವ ಮೂರು ಬಗೆ, ಯಾವ ಮಗುವಿಗೆ ಯಾವುದು

ಮಂಗಳೂರಿನ ಹಂಪನಕಟ್ಟೆ, ಫಳ್ನೀರ್, ಕಂಕನಾಡಿಯ ಸರ್ಜಿಕಲ್ ಅಂಗಡಿಯಾಗಲಿ, ಉಡುಪಿ–ಮಣಿಪಾಲದ ಮೆಡಿಕಲ್ ಆಗಲಿ, ಕೊರೊನಾ ಬಂದರೆ ಮಗುವಿನ ರಕ್ತದ ಆಮ್ಲಜನಕ ನೋಡಲು ಆಕ್ಸಿಮೀಟರ್ ಬೇಕೆಂದು ಕೇಳಿದರೆ ಹೆಚ್ಚಾಗಿ ಕೌಂಟರ್ ಮೇಲೆ ಬಂದು ಕೂರುವುದು ದೊಡ್ಡವರ ಬೆರಳಿನ ಕ್ಲಿಪ್. "ಎಲ್ಲರಿಗೂ ಆಗ್ತದೆ" ಎನ್ನುವ ಮಾತೂ ಜೊತೆಗೆ ಬರುತ್ತದೆ. ಆಗುವುದಿಲ್ಲ. ಮೂರು ವರ್ಷದ ಮಗುವಿನ ಬೆರಳಿಗೆ ಆ ಕ್ಲಿಪ್ ಹಾಕಿ ಓದಿದ ಸಂಖ್ಯೆಯನ್ನು ನಂಬಿ ಕೂರುವುದಕ್ಕಿಂತ ಯಂತ್ರ ಇಲ್ಲದಿರುವುದೇ ಲೇಸು.

ಕೊರೊನಾ ತಗುಲಿದ ಬಹುಪಾಲು ಮಕ್ಕಳಿಗೆ ಎರಡು–ಮೂರು ದಿನ ಜ್ವರ, ಶೀತ, ಕೆಮ್ಮು ಬಂದು ಹೋಗುತ್ತದೆ. ಅಂಥ ಮನೆಗೆ ಆಕ್ಸಿಮೀಟರ್ ಅಗತ್ಯವೇ ಇಲ್ಲ. ಯೋಚಿಸಬೇಕಾದದ್ದು ಮೊದಲೇ ಕಾಯಿಲೆ ಇರುವ ಮಕ್ಕಳ ಮನೆಯವರು. ಅವರಲ್ಲೂ ಎಲ್ಲರಿಗೂ ಇದು ಒಂದೇ ರೀತಿ ಉಪಯೋಗಕ್ಕೆ ಬರುವುದಿಲ್ಲ. ಈ ವಿಮರ್ಶೆ ಬರೆಯಲು ಮುಖ್ಯ ಕಾರಣವೇ ಅದು.

2021ರ ಜೂನ್‌ನಲ್ಲಿ 'ಜಾಮಾ ನೆಟ್‌ವರ್ಕ್ ಓಪನ್' ಪತ್ರಿಕೆಯಲ್ಲಿ ಬಂದ, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ತಂಡದ ಅಧ್ಯಯನವೊಂದಿದೆ. ಕೊರೊನಾದಿಂದ ಅಮೆರಿಕದ ಆಸ್ಪತ್ರೆಗಳಿಗೆ ಬಂದ, 18 ವರ್ಷದವರೆಗಿನ 43,465 ಮಕ್ಕಳ ದಾಖಲೆಗಳನ್ನು ಅದು ನೋಡಿತ್ತು. ಮಕ್ಕಳಿಗೆ ಲಸಿಕೆ ಬರುವುದಕ್ಕೂ ಮುಂಚಿನ ಲೆಕ್ಕ ಇದು. ಸುಮಾರು ಶೇ. 29 ಮಕ್ಕಳಿಗೆ ಮೊದಲೇ ಏನಾದರೊಂದು ಕಾಯಿಲೆ ಇತ್ತು. ತಲೆ ಎಣಿಸಿದರೆ ಅಸ್ತಮಾದವರೇ ಜಾಸ್ತಿ, ಶೇ. 10ರಷ್ಟು. ಆದರೆ ಅಡ್ಮಿಟ್ ಆಗುವ ಸಂಭವ ಅತಿ ಹೆಚ್ಚು ಇದ್ದದ್ದು ಟೈಪ್ 1 ಸಕ್ಕರೆ ಕಾಯಿಲೆಯ ಮಕ್ಕಳಿಗೆ, ಅದಿಲ್ಲದವರಿಗಿಂತ ಸುಮಾರು ನಾಲ್ಕೂವರೆ ಪಟ್ಟು. ಬೊಜ್ಜಿನ ಮಕ್ಕಳಿಗೆ ಮೂರು ಪಟ್ಟು. ಅಡ್ಮಿಟ್ ಆದ ಮೇಲೆ ಸ್ಥಿತಿ ಗಂಭೀರವಾಗುವ ಸಂಭವ ನೋಡಿದರೆ ಮತ್ತೆ ಟೈಪ್ 1 ಮುಂದೆ, ಹುಟ್ಟಿನಿಂದ ಹೃದಯದ ತೊಂದರೆ ಇರುವವರು ಅದರ ಹಿಂದೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ದಿನ ತುಂಬುವ ಮೊದಲೇ ಹುಟ್ಟಿದ್ದೂ ಅಪಾಯದ ಪಟ್ಟಿಯಲ್ಲಿತ್ತು.

ಆಕ್ಸಿಮೀಟರ್ ಕೊಳ್ಳುವವರು ಈ ಪಟ್ಟಿಯಲ್ಲಿ ಗಮನಿಸಬೇಕಾದ ಒಂದು ಸಂಗತಿ ಇದೆ. ಅಪಾಯ ಅತಿ ಹೆಚ್ಚಿರುವ ಟೈಪ್ 1 ಸಕ್ಕರೆ ಕಾಯಿಲೆಯಲ್ಲಿ ಈ ಯಂತ್ರ ಅತಿ ಕಡಿಮೆ ಹೇಳುತ್ತದೆ. ಹೃದಯದ ತೊಂದರೆ ಇರುವ ಮಗುವಿನಲ್ಲಿ ಅದು ಹೇಳುವುದನ್ನು ಬೇರೆಯೇ ಲೆಕ್ಕದಲ್ಲಿ ಓದಬೇಕು.

ಮೊದಲು ಯಂತ್ರದ ಮಾತು. ಕ್ಲಿಪ್‌ನ ಒಂದು ದವಡೆಯಲ್ಲಿ ಎರಡು ದೀಪ: ಸುಮಾರು 660 ನ್ಯಾನೋಮೀಟರ್‌ನ ಕೆಂಪು, ಸುಮಾರು 940ರ ಕಣ್ಣಿಗೆ ಕಾಣದ ಇನ್‌ಫ್ರಾರೆಡ್. ಇನ್ನೊಂದು ದವಡೆಯಲ್ಲಿ ಬೆಳಕು ಹಿಡಿಯುವ ಸೆನ್ಸರ್. ಆಮ್ಲಜನಕ ತುಂಬಿದ ರಕ್ತ ಇನ್‌ಫ್ರಾರೆಡ್ ಅನ್ನು ಹೆಚ್ಚು ಹೀರುತ್ತದೆ, ಖಾಲಿಯಾದ ರಕ್ತ ಕೆಂಪನ್ನು ಹೆಚ್ಚು ಹೀರುತ್ತದೆ. ಪ್ರತಿ ನಾಡಿಬಡಿತಕ್ಕೆ ಈ ಎರಡರ ಅನುಪಾತ ಎಷ್ಟು ಬದಲಾಯಿತು ಎಂಬುದರಿಂದ, ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟು ತುಂಬಿದೆ ಎಂಬ ಸಂಖ್ಯೆ ಬರುತ್ತದೆ. ಹಾಗಾಗಿ ಬೆಳಕು ಬೆರಳಿನ ಒಳಗಿಂದಲೇ ಹಾದು ಬರಬೇಕು, ನಾಡಿ ಸರಿಯಾಗಿ ಸಿಗಬೇಕು. ಎರಡರಲ್ಲಿ ಒಂದು ತಪ್ಪಿದರೂ ಪರದೆಯ ಮೇಲೆ ಏನೋ ಒಂದು ಸಂಖ್ಯೆ ಇರುತ್ತದೆ, ಅದು ಮಗುವಿನದಾಗಿರುವುದಿಲ್ಲ.

ದೊಡ್ಡವರ ಕ್ಲಿಪ್‌ಗಳ ಜೊತೆ ಬರುವ ಚಿಕ್ಕ ಕಾಗದ ಬಿಡಿಸಿ ನೋಡಿ. ಎಷ್ಟು ದಪ್ಪದ ಬೆರಳಿಗೆ ಎಂದು ಮಿಲಿಮೀಟರ್‌ನಲ್ಲಿ ಬರೆದಿರುತ್ತಾರೆ. ಹಲವು ಮಾಡೆಲ್‌ಗಳಲ್ಲಿ ಕನಿಷ್ಠ 8 ಮಿ.ಮೀ. ಇರುತ್ತದೆ. ಪುಟ್ಟ ಮಗುವಿನ ಬೆರಳಿನ ತುದಿ ಅಷ್ಟು ದಪ್ಪ ಇರುವುದಿಲ್ಲ. ಆಗ ಕ್ಲಿಪ್ ಒಳಗೆ ಆಗುವುದು ಇಷ್ಟು: ಬೆರಳು ಸೆನ್ಸರ್ ಕಿಟಕಿಯನ್ನು ಪೂರ್ತಿ ಮುಚ್ಚುವುದಿಲ್ಲ, ಅಕ್ಕಪಕ್ಕದಿಂದ ಬೆಳಕು ಸೋರುತ್ತದೆ. ಎರಡು ಬಣ್ಣದ ಬೆಳಕು ಬೇರೆ ಬೇರೆ ದಾರಿಯಲ್ಲಿ ಸೆನ್ಸರ್ ಸೇರುತ್ತದೆ. ಆರೋಗ್ಯವಾಗಿ ಆಡುತ್ತಿರುವ ಮಗುವಿಗೆ 88 ಎಂದು ತೋರಿಸಿ ಮನೆಯವರನ್ನು ರಾತ್ರೋರಾತ್ರಿ ಓಡಿಸುವುದೂ ಇದೇ ಸೋರಿಕೆ, ನಿಜಕ್ಕೂ ಇಳಿದಾಗ ಅದನ್ನು ಮುಚ್ಚಿಡುವುದೂ ಇದೇ ಸೋರಿಕೆ. ಸ್ಪ್ರಿಂಗ್ ಕೂಡ ದೊಡ್ಡವರ ಬೆರಳಿಗೆ ಹೊಂದಿಸಿದ್ದು. ಸಣ್ಣ ಬೆರಳನ್ನು ಅದು ಒತ್ತಿ ಹಿಡಿದರೆ ನಾಡಿಯೇ ಕ್ಷೀಣವಾಗುತ್ತದೆ.

ಅಂಗಡಿಯಲ್ಲಿ ಸಿಗುವ ಬಗೆ ಮೂರು. ಮೊದಲನೆಯದು ಈ ದೊಡ್ಡವರ ಕ್ಲಿಪ್. 2021ರ ಜುಲೈಯಲ್ಲಿ ಔಷಧ, ವೈದ್ಯಕೀಯ ಉಪಕರಣಗಳ ಬೆಲೆ ನೋಡಿಕೊಳ್ಳುವ ಕೇಂದ್ರದ ಪ್ರಾಧಿಕಾರ ಎನ್‌ಪಿಪಿಎ ಆಕ್ಸಿಮೀಟರ್, ನೆಬ್ಯುಲೈಸರ್ ಸೇರಿ ಐದು ಉಪಕರಣಗಳ ಲಾಭಾಂಶಕ್ಕೆ ಶೇ. 70ರ ಮಿತಿ ಹಾಕಿದಾಗ ಹಲವು ಕಂಪನಿಗಳ ಬೆಲೆ ಇಳಿಯಿತು, ಇದು ಕೈಗೆಟಕುವ ವಸ್ತುವಾಯಿತು. ಹೈಸ್ಕೂಲಿನ ಮಕ್ಕಳಿಗೆ, ಮೈಕಟ್ಟು ಚೆನ್ನಾಗಿರುವ ಹತ್ತು–ಹನ್ನೆರಡು ವರ್ಷದವರಿಗೆ ಇದು ಸಾಕು. ಬೊಜ್ಜಿನ ಕಾರಣಕ್ಕೆ ಎಚ್ಚರ ವಹಿಸಬೇಕಾದ ಹದಿಹರೆಯದವರಿಗೆ ಹೆಚ್ಚು ದುಡ್ಡು ಸುರಿಯಬೇಕಾಗಿಲ್ಲ, ಇದನ್ನೇ ಕೊಳ್ಳಿ.

ಎರಡನೆಯದು ಮಕ್ಕಳ ಕ್ಲಿಪ್. ಗಾತ್ರ ಚಿಕ್ಕದು, ಸ್ಪ್ರಿಂಗ್ ಮೃದು, ಒಳಗಿನ ರಬ್ಬರ್ ಗುಳಿ ಕಿರಿದು. ಆನೆ, ಕರಡಿ ಚಿತ್ರ ಇದ್ದ ಮಾತ್ರಕ್ಕೆ ಮಕ್ಕಳದ್ದಾಗುವುದಿಲ್ಲ. ದೊಡ್ಡವರ ಯಂತ್ರಕ್ಕೇ ಬಣ್ಣ ಬಳಿದು ಮಾರುವುದುಂಟು. ಕಾಗದದಲ್ಲಿ ಬೆರಳಿನ ಗಾತ್ರ ಅಥವಾ ತೂಕ ಬರೆದಿರಬೇಕು. ಒಳ್ಳೆಯದು ಸಿಕ್ಕಿದರೆ ಬಾಲವಾಡಿಯಿಂದ ಐದಾರನೇ ಕ್ಲಾಸಿನವರೆಗಿನ ಮಕ್ಕಳಿಗೆ ಇದು ಸರಿಯಾದ ಆಯ್ಕೆ. ಎಲ್ಲ ಅಂಗಡಿಯಲ್ಲಿ ಸ್ಟಾಕ್ ಇರುವುದಿಲ್ಲ, ಹೇಳಿ ತರಿಸಬೇಕಾಗಬಹುದು. ಮೂರರಲ್ಲಿ ನಮ್ಮ ಮೊದಲ ಮತ ಇದಕ್ಕೆ.

ಮೂರನೆಯದು ಕೈಯಲ್ಲಿ ಹಿಡಿಯುವ ಮಾನಿಟರ್. ಇದಕ್ಕೆ ವೈರ್ ಇರುತ್ತದೆ, ತುದಿಯಲ್ಲಿ ಪಟ್ಟಿಯಂತೆ ಸುತ್ತುವ ಸೆನ್ಸರ್. ಕ್ಲಿಪ್‌ನ ಹಲವು ಪಟ್ಟು ಬೆಲೆ. ಹಸುಗೂಸಿಗೆ, ಒಂದೆರಡು ವರ್ಷದ ಮಗುವಿಗೆ, ಕೈಕಾಲು ಸೆಟೆದುಕೊಂಡಿರುವ ಮಗುವಿಗೆ ಇದೊಂದೇ ಕೆಲಸಕ್ಕೆ ಬರುವುದು. ಆಸ್ಪತ್ರೆ ಬಳಸುವ ಸೆನ್ಸರ್‌ಗಳಲ್ಲಿ ತೂಕದ ವರ್ಗ ಅಚ್ಚಾಗಿರುತ್ತದೆ: 3 ಕಿಲೋದೊಳಗಿನ ಶಿಶುವಿಗೆ ಒಂದು, 3ರಿಂದ 20 ಕಿಲೋಗೆ ಒಂದು, 10ರಿಂದ 50ಕ್ಕೆ ಇನ್ನೊಂದು, ಹೀಗೆ. ಇಲ್ಲಿ ದುಡ್ಡು ಹಾಳಾಗುವ ಜಾಗ ಪ್ಲಗ್. ಒಂಬತ್ತು ಪಿನ್‌ನ ಪ್ಲಗ್ ಕೂತಿತು ಎಂದ ಮಾತ್ರಕ್ಕೆ ಬೇರೆ ಕಂಪನಿಯ ಸೆನ್ಸರ್ ನಿಮ್ಮ ಮಾನಿಟರ್‌ಗೆ ಹೊಂದುತ್ತದೆ ಎಂದಲ್ಲ. ದೀಪದ ತರಂಗಾಂತರ, ಒಳಗಿನ ಲೆಕ್ಕದ ಕೋಷ್ಟಕ ಬೇರೆ ಇದ್ದರೆ ಸಂಖ್ಯೆ ತಪ್ಪು ಬರುತ್ತದೆ. ಕೊಳ್ಳುವಾಗಲೇ ಅದೇ ಕಂಪನಿಯ ಮಕ್ಕಳ ಸೆನ್ಸರ್ ಮುಂದೆಯೂ ಸಿಗುತ್ತದೆಯೇ, ಅದರ ಬಿಡಿ ಬೆಲೆ ಎಷ್ಟು ಎಂದು ಕೇಳಿ ಬಿಲ್ಲಿನಲ್ಲಿ ಮಾಡೆಲ್ ನಂಬರ್ ಬರೆಸಿಕೊಳ್ಳಿ. ಸೆನ್ಸರ್ ಬೇಗ ಸವೆಯುವ ಭಾಗ, ಮಾನಿಟರ್ ಅಲ್ಲ.

ಮೊಬೈಲ್ ಆ್ಯಪ್, ಕೈಗಡಿಯಾರ ಈ ಕೆಲಸಕ್ಕೆ ಬೇಡವೇ ಬೇಡ.

ಇನ್ನು ಯಾವ ಕಾಯಿಲೆಯ ಮಗುವಿಗೆ ಎಷ್ಟು ಉಪಯೋಗ ಎಂಬುದು. ಉಪಯೋಗ ಅತಿ ಹೆಚ್ಚು ಎಂದರೆ ಸೆರೆಬ್ರಲ್ ಪಾಲ್ಸಿ, ಸ್ನಾಯು ದೌರ್ಬಲ್ಯ, ಪದೇ ಪದೇ ಫಿಟ್ಸ್ ಬರುವ ಮಕ್ಕಳಿಗೆ. ಅವರಿಗೆ ಉಸಿರು ಕಟ್ಟುತ್ತಿದೆ ಎಂದು ಹೇಳಲಾಗುವುದಿಲ್ಲ, ಕೆಮ್ಮಿ ಕಫ ಹೊರಹಾಕಲೂ ಆಗುವುದಿಲ್ಲ. ಸ್ನಾಯುಗಳಿಗೆ ಶಕ್ತಿ ಇಲ್ಲದ ಮಗು ಕಷ್ಟಪಟ್ಟು ಉಸಿರಾಡುವುದು ಮೇಲ್ನೋಟಕ್ಕೆ ಕಾಣುವುದೂ ಇಲ್ಲ. ಇಲ್ಲಿ ಸಂಖ್ಯೆ ಇಳಿಯುವುದೇ ಮೊದಲ ಸುಳಿವಾಗಬಹುದು. ಕೈ ಮುಷ್ಟಿ ಬಿಗಿದಿದ್ದರೆ ಕಾಲಿನ ಹೆಬ್ಬೆರಳಿಗೆ ಪಟ್ಟಿ ಸೆನ್ಸರ್ ಸುತ್ತಿ. ಕಾಲಿನಲ್ಲಿ ಬದಲಾವಣೆ ಕಾಣಿಸುವುದು ಕೈಗಿಂತ ತುಸು ತಡ, ಗಾಬರಿ ಬೇಡ.

ಅಸ್ತಮಾದಲ್ಲಿ ಉಪಯೋಗ ಮಧ್ಯಮ. ಹತೋಟಿಯಲ್ಲಿರುವ ಅಸ್ತಮಾ ಕೊರೊನಾದಲ್ಲಿ ದೊಡ್ಡ ಅಪಾಯವಲ್ಲ. ಔಷಧ ಬಿಟ್ಟು ಹತೋಟಿ ತಪ್ಪಿದ್ದು ಅಪಾಯ. ಜ್ವರ ಬಂತೆಂದು ದಿನನಿತ್ಯದ ಸ್ಟೆರಾಯ್ಡ್ ಇನ್ಹೇಲರ್ ನಿಲ್ಲಿಸಬಾರದು. ಉಬ್ಬಸ ಇರುವ ಮಗುವಿಗೆ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೂ ಸಂಖ್ಯೆ 96 ಇರಬಹುದು, ಮಗು ತನ್ನೆಲ್ಲ ಶಕ್ತಿ ಹಾಕಿ ಅದನ್ನು ಅಲ್ಲಿ ಹಿಡಿದಿಟ್ಟಿರುತ್ತದೆ. ಆಗ ಪಕ್ಕೆಯನ್ನು ನಂಬಿ, ಸಂಖ್ಯೆಯನ್ನಲ್ಲ. ಉಬ್ಬಸ ಇಳಿಸುವ ಔಷಧ ಸಾಲ್ಬುಟಮಾಲ್ ಕೊಟ್ಟ ಕೂಡಲೇ ಸ್ವಲ್ಪ ಹೊತ್ತು ಒಂದೆರಡು ಅಂಕ ಇಳಿಯುವುದೂ ಉಂಟು. ಮನೆಯಲ್ಲಿ ಕೊರೊನಾ ಇರುವಾಗ ನೆಬ್ಯುಲೈಸರ್‌ಗಿಂತ ಸ್ಪೇಸರ್ ಹಾಕಿದ ಇನ್ಹೇಲರ್ ಒಳ್ಳೆಯದು. ನೆಬ್ಯುಲೈಸರ್‌ನ ಹಬೆಯಲ್ಲಿ ವೈರಸ್ ಕೋಣೆ ತುಂಬ ಹರಡಬಹುದು.

ಹುಟ್ಟಿನಿಂದ ಹೃದಯದ ತೊಂದರೆ ಇರುವ ಮಕ್ಕಳ ವಿಷಯ ಸ್ವಲ್ಪ ನಿಂತು ನೋಡಬೇಕಾದದ್ದು. ಫ್ಯಾಲೋಟ್ ಟೆಟ್ರಾಲಜಿಯಂಥ ತೊಂದರೆಯಲ್ಲಿ ತುಟಿ ನೀಲಿಯಾಗುವ ಮಗುವಿಗೆ, ಶ್ವಾಸಕೋಶಕ್ಕೆ ರಕ್ತ ಹೋಗಲು ಷಂಟ್ ಎಂಬ ಕೊಳವೆ ಹಾಕಿಸಿಕೊಂಡ ಮಗುವಿಗೆ 75ರಿಂದ 85 ಎಂಬುದೇ ದಿನನಿತ್ಯದ ಸಂಖ್ಯೆ ಆಗಿರಬಹುದು. 94ರ ಕೆಳಗೆ ಇಳಿದರೆ ಡಾಕ್ಟರಿಗೆ ಹೇಳಬೇಕು ಎಂಬ ನಿಯಮ ಇವರಿಗಲ್ಲ. ಮಗು ಚೆನ್ನಾಗಿರುವಾಗ, ಮಲಗಿದ್ದಾಗ ಮತ್ತು ಆಡಿದ ಮೇಲೆ ಎಷ್ಟಿರುತ್ತದೆ ಎಂದು ಮೊದಲೇ ಬರೆದಿಟ್ಟು, ಅದಕ್ಕಿಂತ ಎಷ್ಟು ಇಳಿದರೆ ಹೊರಡಬೇಕು ಎಂಬುದನ್ನು ಹೃದ್ರೋಗ ತಜ್ಞರಿಂದ ಫೈಲಿನ ಮೊದಲ ಪುಟದಲ್ಲೇ ಬರೆಸಿಕೊಳ್ಳಿ. ಮಗುವನ್ನು ಮೊದಲ ಸಲ ನೋಡುವ ಡ್ಯೂಟಿ ಡಾಕ್ಟರಿಗೆ ಆ ಒಂದು ಸಾಲು ತುಂಬ ಸಮಯ ಉಳಿಸುತ್ತದೆ. ಷಂಟ್ ಹಾಕಿದ ಕಡೆಯ ಕೈಯಲ್ಲಿ ನಾಡಿ ಕ್ಷೀಣ ಇರಬಹುದು, ಆದ್ದರಿಂದ ಇನ್ನೊಂದು ಕೈಯಲ್ಲಿ ಅಳೆಯಿರಿ, ಯಾವಾಗಲೂ ಅದೇ ಕೈಯಲ್ಲಿ. ಮತ್ತೊಂದು ಮಿತಿಯೂ ಇದೆ. ಈ ಯಂತ್ರಗಳ ನಿಖರತೆಯನ್ನು ಆರೋಗ್ಯವಂತ ವಯಸ್ಕರಲ್ಲಿ, ಸಂಖ್ಯೆ 70ಕ್ಕೆ ಇಳಿಯುವವರೆಗೆ ಮಾತ್ರ ಪರೀಕ್ಷಿಸಿರುತ್ತಾರೆ. ಹಾಗಾಗಿ 80ರ ಆಸುಪಾಸಿನಲ್ಲಿ ಒಂದೊಂದು ಅಂಕಕ್ಕೂ ಅರ್ಥ ಹುಡುಕಬೇಡಿ, ಇಳಿಯುತ್ತಾ ಹೋಗುವ ಜಾಡನ್ನು ನೋಡಿ. ಈ ಮಕ್ಕಳಿಗೆ ಕ್ಲಿಪ್ ಬೇಡ, ಮೂರನೆಯ ಬಗೆಯೇ ಸರಿ.

ಟೈಪ್ 1 ಸಕ್ಕರೆ ಕಾಯಿಲೆಯ ಮಗುವಿಗಾಗಿ ಆಕ್ಸಿಮೀಟರ್ ಕೊಳ್ಳಲು ಹೊರಟವರು ಆ ದುಡ್ಡಿಗೆ ಮೊದಲು ಗ್ಲುಕೋಮೀಟರ್ ಸ್ಟ್ರಿಪ್ ಮತ್ತು ಕೀಟೋನ್ ಸ್ಟ್ರಿಪ್ ತನ್ನಿ. ಸೋಂಕು ಬಂದಾಗ ಇನ್ಸುಲಿನ್ ಅಗತ್ಯ ಏರುತ್ತದೆ. ಸಾಲದಿದ್ದರೆ ರಕ್ತ ಆಮ್ಲೀಯವಾಗಿ ಮಗು ಆಳವಾಗಿ, ವೇಗವಾಗಿ ಉಸಿರಾಡತೊಡಗುತ್ತದೆ. ವಾಂತಿ, ಹೊಟ್ಟೆನೋವು, ಮಂಪರು ಜೊತೆಗೂಡುತ್ತವೆ. ಆಗಲೂ ಪರದೆಯ ಮೇಲೆ 98, 99 ಇರುತ್ತದೆ, ಶ್ವಾಸಕೋಶಕ್ಕೆ ಏನೂ ಆಗಿಲ್ಲವಲ್ಲ. 'ಆಕ್ಸಿಜನ್ ಚೆನ್ನಾಗಿದೆ' ಎಂದು ಆ ರಾತ್ರಿ ಕಾದರೆ ಮಗುವಿನ ಜೀವಕ್ಕೇ ಕುತ್ತು. ಊಟ ಸೇರದಿದ್ದರೂ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ಎಷ್ಟು ಕೊಡಬೇಕೆಂದು ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು.

ಲುಕೇಮಿಯಾಕ್ಕೆ ಕೀಮೋ ಪಡೆಯುತ್ತಿರುವ ಮಗುವಿಗೂ ಹೀಗೆಯೇ, ಅಲ್ಲಿ ಹೊರಡಲು ಕಾರಣ ಜ್ವರ. ಥಲಸ್ಸೇಮಿಯಾದಲ್ಲಿ, ತೀರಾ ರಕ್ತಹೀನತೆಯಲ್ಲಿ ಇರುವಷ್ಟು ಹಿಮೋಗ್ಲೋಬಿನ್ ತುಂಬಿದ್ದರೆ 99 ಬರುತ್ತದೆ; ಹಿಮೋಗ್ಲೋಬಿನ್ನೇ ಅರ್ಧ ಇದೆ ಎಂಬುದು ಯಂತ್ರಕ್ಕೆ ಕಾಣುವುದಿಲ್ಲ. ಕೊರೊನಾ ಕಳೆದು 2ರಿಂದ 6 ವಾರದೊಳಗೆ ಮತ್ತೆ ಜ್ವರ, ಹೊಟ್ಟೆನೋವು, ಮೈಮೇಲೆ ಕೆಂಪು ದದ್ದು, ಕಣ್ಣು ಕೆಂಪು ಕಾಣಿಸಿದರೆ ಅದು ದೇಹದ ಹಲವು ಅಂಗಗಳಲ್ಲಿ ಉರಿಯೂತ ತರುವ ಎಂಐಎಸ್‌–ಸಿ ಇರಬಹುದು. ಮೊದಲು ಯಾವ ಕಾಯಿಲೆಯೂ ಇಲ್ಲದ ಮಕ್ಕಳಿಗೂ ಬರುತ್ತದೆ. ಆಕ್ಸಿಮೀಟರ್ ಅದನ್ನು ಹಿಡಿಯುವುದಿಲ್ಲ.

ಅಳೆಯುವ ಕ್ರಮ ಸರಿಯಿದ್ದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಅತ್ತು ಮುಗಿಸಿದ ಮಗುವಿಗೆ ಕೂಡಲೇ ಹಾಕಬೇಡಿ. ಮಡಿಲಲ್ಲಿ ಕೂರಿಸಿ, ಅಂಗೈಯನ್ನು ಎದೆಯ ಮಟ್ಟಕ್ಕೆ ಇಟ್ಟು, ಕೈ ತಣ್ಣಗಿದ್ದರೆ ನಿಮ್ಮ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ಮದುವೆ ಮನೆಯಿಂದ ಬಂದ ಮಗುವಿನ ಮದರಂಗಿ ಬೆರಳು, ಬಣ್ಣದ ಉಗುರು ಬಿಟ್ಟು ಬೇರೆ ಬೆರಳು ನೋಡಿ. ಹತ್ತೂ ಬೆರಳಿಗೆ ಬಣ್ಣ ಇದ್ದರೆ ಕಾಲಿನ ಹೆಬ್ಬೆರಳು. ತೋರುಬೆರಳು ಅಥವಾ ನಡುಬೆರಳು ಕ್ಲಿಪ್‌ನ ಕೊನೆ ಮುಟ್ಟುವಷ್ಟು ಒಳಗೆ ಹೋಗಬೇಕು, ಉಗುರು ದೀಪದ ಕಡೆಗೆ ಇರಬೇಕು. ಮೇಲೆ ಟವೆಲ್ ಹೊದಿಸಿದರೆ ಬಿಸಿಲು, ಟ್ಯೂಬ್‌ಲೈಟಿನ ಕಾಟ ಇಲ್ಲ. ಮೊದಲು ಮಿನುಗುವ ಸಂಖ್ಯೆ ಬಿಡಿ. ಪಕ್ಕದ ನಾಡಿಪಟ್ಟಿ ಒಂದೇ ಲಯದಲ್ಲಿ ಏರಿಳಿಯುತ್ತಾ ಸಂಖ್ಯೆ ಅರ್ಧ ನಿಮಿಷವಾದರೂ ನಿಂತರೆ ಅದನ್ನು ಬರೆಯಿರಿ. ಅನುಮಾನ ಇದ್ದರೆ ತೋಳಿನ ಒಳಬದಿಯ ನಾಡಿ 30 ಸೆಕೆಂಡು ಎಣಿಸಿ ಎರಡರಿಂದ ಗುಣಿಸಿ. ಯಂತ್ರದ ನಾಡಿ ಇದಕ್ಕೆ ಹೊಂದದಿದ್ದರೆ ಆಕ್ಸಿಜನ್ ಸಂಖ್ಯೆಯನ್ನೂ ನಂಬುವಂತಿಲ್ಲ.

ಒಳ್ಳೆಯ ಯಂತ್ರದಲ್ಲೂ ಎರಡು–ಮೂರು ಅಂಕ ಆಚೀಚೆ ಆಗುವುದು ಸಹಜ. ಕಪ್ಪು ಮೈಬಣ್ಣದವರಲ್ಲಿ ಇರುವುದಕ್ಕಿಂತ ಹೆಚ್ಚು ತೋರಿಸುವ ಒಲವಿದೆ ಎಂಬುದು 2020ರ ಡಿಸೆಂಬರ್‌ನಲ್ಲಿ ಅಮೆರಿಕದ ರೋಗಿಗಳ ಅಧ್ಯಯನದಲ್ಲಿ ಎದ್ದು ಕಂಡಿತು. ನಮ್ಮ ಮಕ್ಕಳ ವಿಷಯದಲ್ಲೂ ಇದು ನೆನಪಿರಬೇಕು. 94 ಬಂದಾಗ 'ಗೆರೆಯ ಮೇಲೇ ಇದೆ' ಎಂದು ನೆಮ್ಮದಿಪಡುವುದು ಸರಿಯಲ್ಲ.

ಆ ಗೆರೆ ಎಲ್ಲಿಂದ ಬಂತೆಂದರೆ, ಕೇಂದ್ರ ಆರೋಗ್ಯ ಸಚಿವಾಲಯ 2021ರ ಜೂನ್‌ನಲ್ಲಿ ಮಕ್ಕಳಿಗಾಗಿ ಕೊಟ್ಟ ಮಾರ್ಗಸೂಚಿಯಿಂದ: 94 ಮತ್ತು ಮೇಲೆ ಸೌಮ್ಯ, 90ರಿಂದ 93 ಮಧ್ಯಮ, 90ಕ್ಕಿಂತ ಕೆಳಗೆ ತೀವ್ರ. ಅದೇ ಮಾರ್ಗಸೂಚಿಯಲ್ಲಿ ದುಡ್ಡು ಖರ್ಚಿಲ್ಲದ ಇನ್ನೊಂದು ಅಳತೆಯೂ ಇದೆ, ಉಸಿರಿನ ಎಣಿಕೆ. ಮಗು ನಿದ್ದೆಯಲ್ಲಿರುವಾಗ ಅಂಗಿ ಎತ್ತಿ ಹೊಟ್ಟೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎರಡು ತಿಂಗಳೊಳಗೆ 60, ಎರಡರಿಂದ ಹನ್ನೆರಡು ತಿಂಗಳಿಗೆ 50, ಒಂದರಿಂದ ಐದು ವರ್ಷಕ್ಕೆ 40, ಐದರ ಮೇಲೆ 30. ಇಷ್ಟು ಅಥವಾ ಇದಕ್ಕಿಂತ ಹೆಚ್ಚಿದ್ದರೆ ವೇಗದ ಉಸಿರು. ಕಾಲು ನಿಮಿಷ ಎಣಿಸಿ ನಾಲ್ಕರಿಂದ ಗುಣಿಸಬೇಡಿ, ಸಣ್ಣ ಮಕ್ಕಳ ಉಸಿರಿಗೆ ಸಮ ಲಯ ಇರುವುದಿಲ್ಲ. ಹನ್ನೆರಡು ವರ್ಷ ದಾಟಿದವರಿಗೆ ಆರು ನಿಮಿಷ ನಡೆಸಿ ನೋಡುವ ಪರೀಕ್ಷೆಯನ್ನೂ ಹೇಳಿದ್ದಾರೆ, ದೊಡ್ಡವರು ಜೊತೆಗಿದ್ದು. 94ರ ಕೆಳಗೆ ಇಳಿದರೆ, ಮೂರರಿಂದ ಐದು ಅಂಕ ಕುಸಿದರೆ, ತಲೆ ಸುತ್ತಿದರೆ ಅಲ್ಲಿಗೆ ನಿಲ್ಲಿಸಿ ಡಾಕ್ಟರಿಗೆ ಹೇಳಬೇಕು. ಹತೋಟಿ ಇಲ್ಲದ ಅಸ್ತಮಾದವರನ್ನು ನಡೆಸಬಾರದು. ತುಟಿ ನೀಲಿ, ನರಳುವ ಉಸಿರು, ಎಬ್ಬಿಸಿದರೂ ಏಳದ ಮಂಪರು, ಹಾಲು ಕುಡಿಯದಿರುವುದು ಕಂಡರೆ ಕ್ಲಿಪ್ ಹುಡುಕುತ್ತಾ ಕೂರದೆ 108ಕ್ಕೆ ಕರೆ ಮಾಡಿ.

ದೂರವೂ ಲೆಕ್ಕಕ್ಕೆ ಬರುತ್ತದೆ. ಕಂಕನಾಡಿಯ ಮನೆಯಿಂದ ಸರ್ಕಾರಿ ಆಸ್ಪತ್ರೆ ವೆನ್‌ಲಾಕ್‌ನ ಮಕ್ಕಳ ವಿಭಾಗಕ್ಕೆ ಹತ್ತಿಪ್ಪತ್ತು ನಿಮಿಷ. ಸುಳ್ಯದಿಂದ ಮಂಗಳೂರಿಗೆ 80 ಕಿ.ಮೀ.ಗೂ ಹೆಚ್ಚು, ಬೈಂದೂರಿನಿಂದ, ಹೆಬ್ರಿ ಘಟ್ಟದ ಬುಡದಿಂದ ಮಣಿಪಾಲಕ್ಕೆ ಬರಬೇಕಾದವರಿಗೆ ಆಟಿಯ ಮಳೆಯಲ್ಲಿ ದಾರಿ ಹೇಗಿರುತ್ತದೆ ಎಂದು ಹೇಳಬೇಕಾಗಿಲ್ಲ. ಅಲ್ಲಿನವರು 93 ಬರುವವರೆಗೆ ಕಾಯಬಾರದು. ಹಗಲಿಡೀ 98 ಇದ್ದದ್ದು ಸಂಜೆಗೆ 95ಕ್ಕೆ ಬಂದು ಉಸಿರಿನ ಎಣಿಕೆಯೂ ಏರುತ್ತಿದ್ದರೆ, ಕತ್ತಲಾಗುವ ಮೊದಲೇ ಹತ್ತಿರದ ತಾಲೂಕು ಆಸ್ಪತ್ರೆಗಾದರೂ ಹೋಗಿ ಇರಿ.

ನಮ್ಮ ಕರಾವಳಿಯ ತೇವ ಈ ಯಂತ್ರದ ದೊಡ್ಡ ಶತ್ರು. ಕ್ಲಿಪ್‌ಗಳಿಗೆ ಸಾಮಾನ್ಯವಾಗಿ ಎರಡು ಟ್ರಿಪಲ್–ಎ ಸೆಲ್. ಬಳಸದಿರುವಾಗ ಸೆಲ್ ತೆಗೆದು, ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಚಾರ್ಜ್ ಮಾಡುವ ಮಾದರಿಗಿಂತ ಸೆಲ್ ಹಾಕುವ ಮಾದರಿ ಇಲ್ಲಿಗೆ ವಾಸಿ, ಮಳೆಗಾಲದಲ್ಲಿ ಕರೆಂಟ್ ಹೋದರೆ ಬರುವುದು ಯಾವಾಗಲೋ. ಒರೆಸಲು 70 ಶೇಕಡಾ ಆಲ್ಕೋಹಾಲ್ ತುಸು ತಾಗಿಸಿದ ಹತ್ತಿ ಸಾಕು, ಸುರಿಯಬಾರದು. ಸುತ್ತುವ ಸೆನ್ಸರ್ ಅನ್ನು ನಾಲ್ಕು ಗಂಟೆಗೊಮ್ಮೆಯಾದರೂ ಬಿಚ್ಚಿ ಚರ್ಮ ನೋಡಿ ಜಾಗ ಬದಲಿಸಿ. ದಿನ ತುಂಬದೆ ಹುಟ್ಟಿದ ಶಿಶುವಿನ ತೆಳು ಚರ್ಮಕ್ಕೆ ಇನ್ನೂ ಬೇಗ. ಬಿಗಿಯಾಗಿ ಸುತ್ತಿದರೆ ಗಾಯವೂ ಆಗುತ್ತದೆ, ಸಂಖ್ಯೆಯೂ ತಪ್ಪುತ್ತದೆ.

ಅಂಗಡಿಯಲ್ಲೇ ಪೆಟ್ಟಿಗೆ ಬಿಚ್ಚಿಸಿ ನೋಡಿ. ಎಂಆರ್‌ಪಿ, ತಯಾರಕರ ಅಥವಾ ಆಮದುದಾರರ ವಿಳಾಸ, ಲೈಸೆನ್ಸ್ ಸಂಖ್ಯೆ, ನಿಖರತೆಯ ಸಾಲು ಇರಬೇಕು. ನಾಡಿಪಟ್ಟಿ ಇಲ್ಲದ, ಬರೀ ಎರಡು ಸಂಖ್ಯೆ ತೋರಿಸುವ ಮಾಡೆಲ್ ಎಷ್ಟೇ ಅಗ್ಗವಾದರೂ ಬಿಡಿ. ಪರ್ಫ್ಯೂಷನ್ ಇಂಡೆಕ್ಸ್ ತೋರಿಸಿದರೆ ಇನ್ನೂ ಒಳ್ಳೆಯದು, ನಾಡಿಯ ಸಿಗ್ನಲ್ ಎಷ್ಟು ಗಟ್ಟಿ ಎಂದು ತಿಳಿಯುತ್ತದೆ. ಮಗುವನ್ನು ಕರೆದುಕೊಂಡು ಹೋಗಿ ಅಲ್ಲೇ ಹಾಕಿ ನೋಡಲು ಬಿಡದ ಅಂಗಡಿಯಲ್ಲಿ ಕೊಳ್ಳಬೇಡಿ. ಆಮೇಲೆ ಮುಂದಿನ ಚೆಕಪ್‌ಗೆ ಹೋದಾಗ ಅದನ್ನೂ ಕೊಂಡೊಯ್ದು, ಆಸ್ಪತ್ರೆಯ ಮಾನಿಟರ್‌ನ ಪಕ್ಕದಲ್ಲೇ ಅದೇ ಕೈಗೆ ಹಾಕಿ ಎರಡರ ವ್ಯತ್ಯಾಸ ಬರೆದಿಟ್ಟುಕೊಳ್ಳಿ.

2021ರಲ್ಲಿ ಗಡಿಬಿಡಿಯಲ್ಲಿ ಕೊಂಡು ಕಪಾಟಿಗೆ ಸೇರಿದ ಕ್ಲಿಪ್‌ಗಳು ಬಹಳ ಮನೆಗಳಲ್ಲಿವೆ. ಅದನ್ನೇ ಮಗುವಿಗೆ ಬಳಸುವ ಯೋಚನೆ ಇದ್ದರೆ ಸೆಲ್‌ನ ಗೂಡು ತೆರೆದು ನೋಡಿ. ಸ್ಪ್ರಿಂಗ್ ಮೇಲೆ ಹಸಿರು ಅಥವಾ ಬಿಳಿ ಪುಡಿ ಕಟ್ಟಿದ್ದರೆ, ಒಳಗಿನ ರಬ್ಬರ್ ಬಿರಿದಿದ್ದರೆ, ಕೀಲು ಸಡಿಲಾಗಿ ಎರಡು ದವಡೆ ಓರೆಯಾಗಿ ಕೂತಿದ್ದರೆ ರಿಪೇರಿಗೆ ಕೊಡುವುದು ವ್ಯರ್ಥ, ಇ–ತ್ಯಾಜ್ಯಕ್ಕೆ ಹಾಕಿ. ಅಂಥದ್ದೇನೂ ಇಲ್ಲದಿದ್ದರೆ ಹೊಸ ಸೆಲ್ ಹಾಕಿ ಮನೆಯ ದೊಡ್ಡವರೊಬ್ಬರ ಬೆರಳಿಗೆ ಹಾಕಿ ನಾಡಿ ಹೊಂದುತ್ತದೆಯೇ ನೋಡಿ, ಆಮೇಲೆ ಮಗುವಿನ ಬೆರಳಿಗೆ ಹಾಕಿ ಕ್ಲಿಪ್‌ನ ಬದಿಯಿಂದ ಇಣುಕಿ. ಕೆಂಪು ಬೆಳಕು ಬೆರಳಿನ ಪಕ್ಕದಿಂದ ನೇರ ಹೊರಗೆ ಬರುತ್ತಿದ್ದರೆ ಆ ಮಗುವಿಗೆ ಆ ಕ್ಲಿಪ್ ದೊಡ್ಡದು.